ರಿಮೋಟಿನ 24 ಡಿಗ್ರಿ

ನಮ್ಮ ಪ್ರಯೋಗಾಲಯದ ಗಿಡ ಬೆಳೆಸುವ ಕೋಣೆಯಾದ ಗ್ರೋತ್ ರೂಮಿನ ರಿಜಿಸ್ಟರಿನಲ್ಲಿ ಏಪ್ರಿಲ್ ತಿಂಗಳ ಒಂದು ಪುಟವಿದೆ. ಅದರ ತಾಪಮಾನದ ಕಾಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೂ 24, 24, 24 ಎಂದು ನನ್ನದೇ ಕೈಬರಹವಿದೆ. ಆ ಪುಟ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಈಗಲೂ ಮುಖ ಸುಡುತ್ತದೆ.

ಮಂಗಳೂರಿನಲ್ಲಿ, ರಾತ್ರಿ ಹೊತ್ತು ಅಲೆಯ ಸದ್ದು ಕೇಳುವಷ್ಟು ಕಡಲಿಗೆ ಹತ್ತಿರವಾದ ಕಟ್ಟಡದಲ್ಲಿ ನಮ್ಮ ಕೆಲಸ. ಯೋಜನೆಯ ಪರಿಶೀಲನೆಗೆಂದು ಬೆಂಗಳೂರಿನ ಹಿರಿಯ ವಿಜ್ಞಾನಿಯೊಬ್ಬರು ಸೋಮವಾರ ಬರುವವರಿದ್ದರು. ಅವರಿಗೆ ತೋರಿಸಲೆಂದು ಬುಧವಾರ ಬೆಳಿಗ್ಗೆ ತಂಬಾಕಿನ ಕುಲದ 24 ನಿಕೋಟಿಯಾನ ಗ್ಲುಟಿನೋಸ ಗಿಡಗಳಿಗೆ ಟಿಎಂವಿ, ಅಂದರೆ ತಂಬಾಕಿನ ಮೊಸಾಯಿಕ್ ವೈರಸ್ಸಿನ ಇನಾಕ್ಯುಲೇಷನ್ ಮಾಡಿಸಿದೆ; ವೈರಸ್ಸಿರುವ ರಸವನ್ನು ಎಲೆಗೆ ಉಜ್ಜುವ ಕೆಲಸವದು. ಇನ್ನು 6 ಗಿಡಗಳಿಗೆ ಹೋಲಿಕೆಗೆಂದು ವೈರಸ್ಸಿಲ್ಲದ ಬರೀ ಬಫರ್ ದ್ರಾವಣ ಸವರಿಸಿ, ಮಾಕ್ ಎಂದು ಚೀಟಿ ಅಂಟಿಸಿದ್ದಾಯಿತು. ಎಲೆ ಉಜ್ಜಿದವನು ಎರಡು ವರ್ಷದಿಂದ ಇದನ್ನೇ ಮಾಡುತ್ತ ಬಂದಿರುವ ನಮ್ಮ ಪ್ರಾಜೆಕ್ಟ್ ಅಸಿಸ್ಟೆಂಟ್ ಹುಡುಗ. ಎರಡು ದಿನದೊಳಗೆ ಉಜ್ಜಿದ ಎಲೆಗಳ ಮೇಲೆ ಊದುಬತ್ತಿಯ ತುದಿ ತಾಗಿಸಿದಂಥ ಕಂದು ಚುಕ್ಕೆಗಳು ಏಳಬೇಕು. ಆ ಚುಕ್ಕೆಗಳನ್ನು ಎಣಿಸಿದರೆ ವೈರಸ್ಸಿನ ಪ್ರಮಾಣ ತಿಳಿಯುತ್ತದೆಂದು ಫ್ರಾನ್ಸಿಸ್ ಹೋಮ್ಸ್ 1929ರಲ್ಲಿ ತೋರಿಸಿದಂದಿನಿಂದ ಈ ಕಸುಬಿನವರೆಲ್ಲ ಎಣಿಸುತ್ತಲೇ ಇದ್ದಾರೆ.

ಗುರುವಾರ ನೀರು ಹಾಕಿ ಹೊರಗೆ ಬಂದ ಹುಡುಗ, "ಮೇಡಂ, ಒಳಗೆ ತುಂಬ ಸೆಕೆ ಉಂಟು" ಎಂದ. "ಏಪ್ರಿಲಿನಲ್ಲಿ ಈ ಊರಲ್ಲಿ ಸೆಕೆ ಇಲ್ಲದ ಜಾಗ ಎಲ್ಲುಂಟು ಮಾರಾಯ?" ಎಂದು ನಾನು ನಕ್ಕೆ. ತಾಪಮಾನ ದಾಖಲಿಸುವ ಡೇಟಾ ಲಾಗರ್ ಕೆಟ್ಟು ಮೂರು ತಿಂಗಳಾಗಿತ್ತು. ಹೊಸದಕ್ಕೆ ಹಾಕಿದ ಇಂಡೆಂಟ್ (ಖರೀದಿ ಬೇಡಿಕೆ) ಮೂರು ಕೊಟೇಷನ್‌ಗಳ ಸಮೇತ ಎಲ್ಲೋ ಮಲಗಿತ್ತು. ಹಾಗಾಗಿ ಎಸಿಯ ರಿಮೋಟ್ ನೋಡಿ 24 ಎಂದು ಬರೆಯುವುದು ರೂಢಿಯಾಗಿಬಿಟ್ಟಿತ್ತು. ರಿಮೋಟು ತೋರಿಸುವುದು ನಾವು ಕೇಳಿದ ತಾಪಮಾನವನ್ನೇ ಹೊರತು ಕೋಣೆಯಲ್ಲಿರುವ ತಾಪಮಾನವನ್ನಲ್ಲ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ.

ಶುಕ್ರವಾರ ಒಂದು ಚುಕ್ಕೆಯೂ ಇರಲಿಲ್ಲ. ಎಲೆಗಳು ಮಾಕ್ ಗಿಡಗಳ ಎಲೆಗಳಷ್ಟೇ ನಯವಾಗಿ, ಹಸಿರಾಗಿ, ನನ್ನನ್ನು ಅಣಕಿಸುವಂತೆ ನಿಂತಿದ್ದವು. ಇನಾಕ್ಯುಲಂ, ಅಂದರೆ ಉಜ್ಜಿದ ವೈರಸ್ ರಸ, ಸತ್ತಿರಬೇಕು, ಇಲ್ಲವೇ ಉಜ್ಜಿದ್ದು ಸರಿಯಿಲ್ಲ ಎಂದು ನಾನು ನಿರ್ಧರಿಸಿದೆ. ಪಕ್ಕದ ರ‍್ಯಾಕಿನಲ್ಲಿ ಅದೇ ರಸ ಉಜ್ಜಿಸಿಕೊಂಡ ಟಿಎಂ-ಟು-ಸ್ಕ್ವೇರ್ ಎಂಬ ವೈರಸ್ ನಿರೋಧಕ ಜೀನಿರುವ ಟೊಮೆಟೊ ಗಿಡಗಳು ಚೆನ್ನಾಗಿಯೇ ಇದ್ದುದರಿಂದ ಕೋಣೆಯಲ್ಲಿ ದೋಷವಿಲ್ಲವೆಂದೂ ತೀರ್ಮಾನಿಸಿಬಿಟ್ಟೆ. ಆ ಜೀನು, ಕೋಶದಿಂದ ಕೋಶಕ್ಕೆ ಹರಡಲು ನೆರವಾಗುವ ವೈರಸ್ಸಿನ ಮೂವ್‌ಮೆಂಟ್ ಪ್ರೋಟೀನನ್ನು ಗುರುತಿಸುವಂಥದ್ದು, ಸಾಮಾನ್ಯವಾಗಿ ಎಲೆಯ ಮೇಲೆ ಗುರುತೇ ಬೀಳದಂತೆ ತಡೆಯುವಂಥದ್ದು, ಸೆಕೆಗೂ ಅಷ್ಟಾಗಿ ಜಗ್ಗದಂಥದ್ದು. ಅದು ಚೆನ್ನಾಗಿದೆ ಎಂಬುದರಿಂದ ಗ್ಲುಟಿನೋಸದ ಬಗ್ಗೆ ಏನೂ ತಿಳಿಯುವುದಿಲ್ಲ. ಆದರೆ ಸೋಮವಾರದ ಭಯ ತಲೆಯಲ್ಲಿದ್ದಾಗ ಕೈಗೆ ಸಿಕ್ಕಿದ್ದೆಲ್ಲ ಸಾಕ್ಷ್ಯವಾಗಿ ಕಾಣುತ್ತದೆ. "ಕಾರ್ಬೊರಂಡಂ ಉದುರಿಸಿದ್ದೀಯೋ ಇಲ್ಲವೋ?" ಎಂದು ನಾಲ್ಕು ಜನರೆದುರು ಕೇಳಿದೆ. ವೈರಸ್ಸು ಒಳಹೊಗಲೆಂದು ಎಲೆಯ ಮೇಲೆ ಸೂಕ್ಷ್ಮ ಗೀರು ಮಾಡುವ ಪುಡಿ ಅದು. "ಉದುರಿಸಿದ್ದೇನೆ ಮೇಡಂ" ಎಂದವನು ಮತ್ತೆ ಮಾತಾಡಲಿಲ್ಲ. ಆ ಸಂಜೆ ಎರಡು ಪಟ್ಟು ಗಟ್ಟಿ ರಸ ಅರೆದು, ಅದೇ ಗಿಡಗಳ ಬೇರೆ ಎಲೆಗಳಿಗೆ ನಾನೇ ಉಜ್ಜಿದೆ.

ಭಾನುವಾರ ಸಂಜೆ ಎಸಿ ಮೆಕ್ಯಾನಿಕ್ಕನ್ನು ಕರೆಸಿದ್ದು ಗಿಡಗಳಿಗಾಗಿ ಅಲ್ಲ, ಒಳಗೆ ಹೋದ ಅತಿಥಿಗಳು ಬೆವರಬಾರದೆಂದು. ಅವನು ಹೊರಗಿನ ಯೂನಿಟ್ ಬಿಚ್ಚಿ, "ಉಪ್ಪುಗಾಳಿ ಮೇಡಂ. ಕಂಪ್ರೆಸರ್ ಓಡದೆ ಎಷ್ಟು ದಿನ ಆಯ್ತೋ, ಬರೀ ಫ್ಯಾನಿನ ಗಾಳಿ ಬರ್ತಾ ಇತ್ತು" ಎಂದ. ಈ ಮಾತು ಕೇಳಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಕೋಣೆ ತಣ್ಣಗಾಯಿತು. 22ಕ್ಕೆ ಇಟ್ಟು, ಒಳ್ಳೆಯ ಕೆಲಸವಾಯಿತೆಂದು ಮನೆಗೆ ಹೋದೆ.

ಸೋಮವಾರ ಎಂಟು ಗಂಟೆಗೆ ಬಾಗಿಲು ತೆರೆದರೆ, ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಗಿಡಗಳು ಕುದಿನೀರು ಎರಚಿದಂತೆ ಜೋಲುಬಿದ್ದಿದ್ದವು. ಉಜ್ಜಿದ ಎಲೆಗಳಷ್ಟೇ ಅಲ್ಲ, ಯಾರೂ ಮುಟ್ಟದ ಮೇಲಿನ ಎಳೆಯ ಎಲೆಗಳೂ ದಂಟೂ ಕಪ್ಪಿಟ್ಟಿದ್ದವು. ಮಾಕ್ ಗಿಡಗಳು ಆರೂ ನೆಟ್ಟಗೆ ನಿಂತಿದ್ದವು. ಯಾರೋ ಕಳೆನಾಶಕ ಸಿಂಪಡಿಸಿದರೇ ಎಂಬ ಕ್ಷುದ್ರ ಅನುಮಾನವೊಂದು ಮೊದಲು ಸುಳಿಯಿತು. ಸಿಂಪಡಿಸಿದ್ದರೆ ಆ ಆರು ಉಳಿಯುತ್ತಿರಲಿಲ್ಲ. ಬಾಗಿಲ ಹಿಡಿಯನ್ನು ಹಿಡಿದುಕೊಂಡೇ ನಿಂತಿದ್ದಾಗ, ನಮ್ಮ ಯೋಜನಾ ಪ್ರಸ್ತಾವದ ಎರಡನೇ ಪುಟದಲ್ಲಿ ನಾನೇ ಬರೆದ ಸಾಲು ನೆನಪಾಯಿತು: ಗ್ಲುಟಿನೋಸಕ್ಕೆ ಟಿಎಂವಿ ತಡೆಯುವ ಶಕ್ತಿ ಕೊಡುವ ಎನ್ ಜೀನಿನ ಪ್ರತಿರೋಧ 28 ಡಿಗ್ರಿಯ ಮೇಲೆ ಕೆಲಸ ಮಾಡುವುದಿಲ್ಲ.

1994ರಲ್ಲಿ ಬಾರ್ಬರಾ ಬೇಕರ್ ಮತ್ತು ಸಂಗಡಿಗರು ಬೇರ್ಪಡಿಸಿದ ಈ ಜೀನು ತಯಾರಿಸುವ ರಿಸೆಪ್ಟರ್, ಅಂದರೆ ಗುರುತು ಹಿಡಿಯುವ ಪ್ರೋಟೀನು, ಜೀವಕೋಶದ ಒಳಗೇ ಕಾವಲಿರುತ್ತದೆ. ಅದು ವೈರಸ್ಸಿನ ಕಣವನ್ನು ನೋಡುವುದಿಲ್ಲ. ವೈರಸ್ಸು ತನ್ನ ಪ್ರತಿಗಳನ್ನು ಮಾಡಿಕೊಳ್ಳಲು ಬಳಸುವ ರೆಪ್ಲಿಕೇಸ್ ಎಂಬ ಪ್ರೋಟೀನಿನ ಹೆಲಿಕೇಸ್ ಎಂಬ ತುಂಡನ್ನು ಗುರುತಿಸುತ್ತದೆ. ಗುರುತು ಸಿಕ್ಕೊಡನೆ ರೂಪ ಬದಲಿಸುತ್ತದೆ. ಇಂಥ ರಿಸೆಪ್ಟರುಗಳ ಟಿಐಆರ್ ಎಂಬ ಭಾಗಗಳು ಒಂದುಗೂಡಿ, ಕೋಶದ ಶಕ್ತಿ ವ್ಯವಹಾರಕ್ಕೆ ಬೇಕಾದ ಎನ್‌ಎಡಿ ಅಣುವನ್ನು ಕತ್ತರಿಸಲು ತೊಡಗುತ್ತವೆ, ಅದರಿಂದ ಹುಟ್ಟುವ ಸಂದೇಶಕ್ಕೆ ಜೀವಕೋಶ ತಾನೇ ಸಾಯುತ್ತದೆ. ತಂಪಿನಲ್ಲಿ ವೈರಸ್ಸು ಹೊಕ್ಕ ಜಾಗದ ಸುತ್ತಲಿನ ಕೆಲವೇ ಕೋಶಗಳು ಸತ್ತು ಚುಕ್ಕೆಯಾಗುತ್ತವೆ, ವೈರಸ್ಸು ಅಲ್ಲಿಯೇ ಕಟ್ಟುಬೀಳುತ್ತದೆ. ಸೆಕೆಯಲ್ಲಿ ಕಾವಲುಗಾರ ನಿಷ್ಕ್ರಿಯನಾದರೂ ವೈರಸ್ಸು ದುಡಿಯುತ್ತಲೇ ಇರುತ್ತದೆ. ಬುಧವಾರದಿಂದ ಭಾನುವಾರದವರೆಗೆ ಅದು ಗಿಡದ ತುಂಬ ಹರಡಿತ್ತು. ಕೋಣೆ ತಣ್ಣಗಾದ ರಾತ್ರಿ ಕೋಶಕೋಶದಲ್ಲೂ ರಿಸೆಪ್ಟರುಗಳು ಒಟ್ಟಿಗೆ ಎಚ್ಚೆತ್ತವು. ಗಿಡಗಳನ್ನು ಕೊಂದದ್ದು ಅವುಗಳದೇ ರಕ್ಷಣೆ. ಹೀಗೆ ಕೋಶಗಳು ತಾವೇ ಸತ್ತು ರೋಗ ತಡೆಯುವ ಎಚ್.ಆರ್. (ಹೈಪರ್ ಸೆನ್ಸಿಟಿವ್ ರೆಸ್ಪಾನ್ಸ್) ಪಾಠದಲ್ಲಿ ನಾನು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುವ ತಾಪಮಾನ ಬದಲಾವಣೆಯ ಪ್ರಯೋಗವೇ ನನ್ನ ಕೋಣೆಯಲ್ಲಿ ನನಗೆ ಗೊತ್ತಿಲ್ಲದೆ ನಡೆದುಹೋಗಿತ್ತು.

ಅತಿಥಿಗಳ ಬಸ್ಸು ಶಿರಾಡಿ ಘಾಟಿಯಲ್ಲಿ ತಡವಾದ್ದರಿಂದ ಒಂದು ಗಂಟೆ ಸಿಕ್ಕಿತು. ಟ್ರೇಗಳನ್ನು ಆಟೋಕ್ಲೇವಿಗೆ ಸಾಗಿಸಿ, ಹಳೆಯ ಫೋಟೋ ತೋರಿಸಿ ಕಳಿಸೋಣವೆಂದು ಒಮ್ಮೆ ಅನಿಸಿದ್ದು ನಿಜ. ರಿಜಿಸ್ಟರ್ ಕೈಯಲ್ಲೇ ಇತ್ತು. 24ರ ಆ ಪುಟವನ್ನು ಮುಂದಿಟ್ಟು ಇನಾಕ್ಯುಲಂ ಮೇಲೆ ತಪ್ಪು ಹೊರಿಸಿದ್ದರೂ ಕೇಳುವವರಿರಲಿಲ್ಲ. ಅಷ್ಟರಲ್ಲಿ ಬಂದ ಹುಡುಗ ಗಿಡಗಳನ್ನೂ ನನ್ನನ್ನೂ ನೋಡಿ, ಏನೂ ಹೇಳದೆ ಕೆಳಗಿನ ರ‍್ಯಾಕಿನ ಹಿಂದಿನಿಂದ ಒಂದು ಸಣ್ಣ ಮಿನಿಮಮ್-ಮ್ಯಾಕ್ಸಿಮಮ್ ಥರ್ಮಾಮೀಟರ್ ತೆಗೆದು ಕೊಟ್ಟ. ಗುರುವಾರ ನಾನು ನಕ್ಕ ಮೇಲೆ ಸ್ಟೋರಿನಿಂದ ತಂದು ತೂಗಿಹಾಕಿದ್ದನಂತೆ. ಶನಿವಾರದವರೆಗೆ ದಿನವೂ ಓದಿ ಒಂದು ಚೀಟಿಯಲ್ಲಿ ಬರೆದಿದ್ದ. 29ಕ್ಕಿಂತ ಕೆಳಗೆ ಒಂದು ಅಂಕಿಯೂ ಇರಲಿಲ್ಲ. "ಶುಕ್ರವಾರವೇ ಏಕೆ ಹೇಳಲಿಲ್ಲ?" ಎಂದು ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವನಲ್ಲಿ ಕ್ಷಮೆ ಕೇಳಿದೆ, ಅದೂ ಇಬ್ಬರೇ ಇದ್ದಾಗ. ಬೈದದ್ದು ನಾಲ್ಕು ಜನರೆದುರು ಎಂಬುದು ಆಗ ಹೊಳೆಯಲಿಲ್ಲ.

ಬಂದ ವಿಜ್ಞಾನಿಗಳು ಸತ್ತ ಗಿಡಗಳನ್ನು ಬಹಳ ಹೊತ್ತು ನೋಡಿದರು. ನಾನು ರಿಜಿಸ್ಟರನ್ನೂ ಚೀಟಿಯನ್ನೂ ಒಟ್ಟಿಗೆ ಮುಂದಿಟ್ಟೆ. ಅವರು ರಿಜಿಸ್ಟರನ್ನು ಮುಚ್ಚಿ ಬದಿಗೆ ಸರಿಸಿ, ಚೀಟಿಯ ಬಗ್ಗೆ ಹುಡುಗನನ್ನೇ ಅರ್ಧ ಗಂಟೆ ಪ್ರಶ್ನೆ ಕೇಳಿದರು. ವರದಿಯಲ್ಲಿ ನಮ್ಮ ತಾಪಮಾನ ದಾಖಲಾತಿ ತೃಪ್ತಿಕರವಾಗಿಲ್ಲವೆಂದು ಬರೆದರು.

ಆ ಸಾಲನ್ನು ಲಗತ್ತಿಸಿ ಡೇಟಾ ಲಾಗರಿಗೆ ಮತ್ತೆ ಇಂಡೆಂಟ್ ಹಾಕಿದೆ. ಕಳೆದ ವಾರ ಕಡತ ಮರಳಿ ಬಂದಿದೆ. ಅಂಚಿನಲ್ಲಿ ಲೆಕ್ಕಪತ್ರ ವಿಭಾಗದ ಷರಾ: "ಎಸಿಯ ರಿಮೋಟಿನಲ್ಲಿಯೇ ತಾಪಮಾನ ಕಾಣುವಾಗ ಪ್ರತ್ಯೇಕ ಉಪಕರಣದ ಅಗತ್ಯವೇನೆಂದು ಸಮರ್ಥಿಸಿ."