ಮುಲಾಮು ನಮ್ಮದು, ನಿಷೇಧ ಅವರದು

ನಾನು ಫಿಸಿಯೋಥೆರಪಿಸ್ಟ್. ಬೆಂಗಳೂರಿನಲ್ಲಿ ಓಟ, ಜಿಗಿತದ ಹುಡುಗ ಹುಡುಗಿಯರ ತೊಡೆ, ಸೊಂಟ, ಹಿಮ್ಮಡಿ ನೋಡಿಕೊಳ್ಳುವುದು ನನ್ನ ಕೆಲಸ. ಡೋಪಿಂಗ್ ಅಂದರೆ ಸಿರಿಂಜು, ಕಳ್ಳಾಟ, ಎಲ್ಲೋ ರಷ್ಯಾದ ಕಥೆ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ನಮ್ಮ ಕೋಣೆಗೆ ಅದು ಬರುವುದು ಬೇರೆ ವೇಷದಲ್ಲಿ. ಕೆಮ್ಮಿನ ಸಿರಪ್, ಯಾರೋ ಕೊಟ್ಟ ಪುಡಿ ಡಬ್ಬ, ಗಾಯಕ್ಕೆ ಹೊಡೆಯುವ ಸ್ಪ್ರೇ.

ಸ್ಪ್ರೇ ವಿಷಯ ಮೊದಲು ಹೇಳುತ್ತೇನೆ. ಅದು ನನ್ನ ವೃತ್ತಿಯವರದ್ದೇ ಕಥೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಇಂಡಿಯನ್ ವೆಲ್ಸ್ ಟೂರ್ನಿ ವೇಳೆ ಟೆನಿಸ್ ಆಟಗಾರ ಯಾನಿಕ್ ಸಿನ್ನರ್ ಅವರ ಮೂತ್ರದಲ್ಲಿ ಕ್ಲೋಸ್ಟೆಬಾಲ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ಎಷ್ಟು? ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬಂದದ್ದು ಹೇಗೆ ಅಂದರೆ, ಅವರ ಫಿಸಿಯೋ ಜಾಕೊಮೊ ನಾಲ್ಡಿ ಬೆರಳು ಕುಯ್ದುಕೊಂಡಿದ್ದರು. ಫಿಟ್‌ನೆಸ್ ಕೋಚ್ ಉಂಬೆರ್ಟೊ ಫೆರಾರಾ ಇಟಲಿಯಲ್ಲಿ ಕೊಂಡಿದ್ದ, ಕ್ಲೋಸ್ಟೆಬಾಲ್ ಇರುವ ಟ್ರೋಫೋಡರ್ಮಿನ್ ಸ್ಪ್ರೇ ಕೊಟ್ಟರು. ನಾಲ್ಡಿ ಅದನ್ನು ಬೆರಳಿಗೆ ಹಚ್ಚಿಕೊಂಡು, ಗ್ಲೌಸ್ ಇಲ್ಲದೆ ಸಿನ್ನರ್‌ಗೆ ಮಸಾಜ್ ಮಾಡಿದರು. ಸಿನ್ನರ್ ಚರ್ಮದ ಮೇಲೆ ಸಣ್ಣಪುಟ್ಟ ಗಾಯಗಳಿದ್ದವು. ಅಷ್ಟು ಸಾಕಾಯಿತು.

ಇಟಲಿಯಲ್ಲಿ ಇಂಥ ಔಷಧದ ಡಬ್ಬದ ಮೇಲೆ ಡೋಪಿಂಗ್ ಎಚ್ಚರಿಕೆಯ ಗುರುತು ಇರಲೇಬೇಕು. ಸಾಲದ್ದಕ್ಕೆ ಫೆರಾರಾ ಫಾರ್ಮಸಿ ಓದಿದವರು! ಆದರೂ ಆಯಿತು. ಈ ಸುದ್ದಿ ಓದಿದಾಗ ನಮ್ಮ ಗುಂಪಿನಲ್ಲಿ ಎಲ್ಲರೂ ಸಿನ್ನರ್ ತಪ್ಪಿತಸ್ಥನೋ ಅಲ್ಲವೋ ಅಂತ ವಾದ ಮಾಡುತ್ತಿದ್ದರು. ನಾನು ಮಾತ್ರ ನನ್ನ ಕೈ ನೋಡಿಕೊಂಡೆ. ಎಣ್ಣೆ, ಜೆಲ್, ಯಾವುದೋ ಮುಲಾಮು ಮೆತ್ತಿಕೊಂಡ ಇದೇ ಕೈ ದಿನಕ್ಕೆ ಎಷ್ಟೋ ಜನರನ್ನು ಮುಟ್ಟುತ್ತದೆ, ಅಲ್ವಾ?

2024ರ ಆಗಸ್ಟ್‌ನಲ್ಲಿ ಸ್ವತಂತ್ರ ನ್ಯಾಯಮಂಡಳಿ ಸಿನ್ನರ್ ತಪ್ಪಿಲ್ಲ ಅಂದಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾ ಮೇಲ್ಮನವಿ ಹಾಕಿತು. ಕೊನೆಗೆ 2025ರ ಫೆಬ್ರವರಿಯಲ್ಲಿ ರಾಜಿಯಾಗಿ ಮೂರು ತಿಂಗಳ ನಿಷೇಧ. ಮೇ 4ಕ್ಕೆ ಮುಗಿಯಿತು. ಒಂದು ಗ್ರ್ಯಾನ್ ಸ್ಲಾಮ್ ಕೂಡ ತಪ್ಪಲಿಲ್ಲ.

ಈಗ ನಮ್ಮೂರಿನ ಕಥೆ. ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ರಿಲೇ ಚಿನ್ನ, ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಚಿನ್ನ ಗೆದ್ದವರು. ಮರುವರ್ಷ ಅವರೂ ಸೇರಿ ಆರು ಓಟಗಾರ್ತಿಯರು ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಗುಳಿಗೆಯಿಂದ ಬಂದದ್ದು ಎಂಬುದು ಅವರ ವಾದ. ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾದ ಸಮಿತಿ ಒಂದು ವರ್ಷ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಕ್ರೀಡಾ ನ್ಯಾಯಾಲಯಕ್ಕೆ ಹೋಯಿತು. 2012ರ ಜುಲೈನಲ್ಲಿ ಅದು ಎರಡು ವರ್ಷವಾಯಿತು. ಕೋಚ್ ಕೊಟ್ಟರು ಅನ್ನುವುದು ಸಾಕಾಗಲಿಲ್ಲ, ನೀವೇ ವಿಚಾರಿಸಿಕೊಳ್ಳಬೇಕಿತ್ತು ಅಂತ. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೋಚ್‌ನನ್ನು ಆಗಲೇ ಕೆಲಸದಿಂದ ತೆಗೆದಿದ್ದರು ನಿಜ. ಆದರೆ ಕೆಲವು ವರ್ಷಗಳಲ್ಲೇ ಅದೇ ಮನುಷ್ಯ ಭಾರತ ತಂಡಕ್ಕೆ ಮತ್ತೆ ಕೋಚ್ ಆಗಿ ಬಂದ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ನಿಯಮವೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ದೇಹದಲ್ಲಿ ಏನು ಸಿಕ್ಕಿದರೂ ಆಟಗಾರನೇ ಹೊಣೆ ಎಂಬುದು ಬೇಕೇ ಬೇಕು. ಇಲ್ಲದಿದ್ದರೆ ಎಲ್ಲರೂ "ಕೋಚ್ ಕೊಟ್ಟದ್ದು" ಅಂದು ಕೈ ತೊಳೆದುಕೊಳ್ಳುತ್ತಾರೆ. ಹಿಂದೆ ಪೂರ್ವ ಜರ್ಮನಿಯಲ್ಲಿ ಎಳೆ ಹುಡುಗಿಯರಿಗೆ ವಿಟಮಿನ್ ಅಂತ ಹೇಳಿ ಸ್ಟೀರಾಯ್ಡ್ ಗುಳಿಗೆ ನುಂಗಿಸಿದರು. ಆ ಹುಡುಗಿಯರಿಗೆ ಗೊತ್ತಿರಲಿಲ್ಲ, ಸರಿ. ಪಕ್ಕದ ಲೇನಿನಲ್ಲಿ ಈಜಿ ಸೋತವಳ ಗತಿ ಏನು?

ನನ್ನ ತಕರಾರು ಬೇರೆ ಕಡೆ. ನಿಷೇಧ ಎಷ್ಟು ದಿನ ಎಂಬುದು "ಇದು ಎಲ್ಲಿಂದ ಬಂತು" ಅಂತ ತೋರಿಸುವ ಶಕ್ತಿಯ ಮೇಲೆ ನಿಂತಿದೆ. ಸಿನ್ನರ್ ಕಡೆಯವರು ಯಾವ ಸ್ಪ್ರೇ, ಯಾರು ಕೊಂಡರು, ಯಾವ ದಿನ ಗಾಯವಾಯಿತು ಎಲ್ಲ ಹೇಳಬಲ್ಲವರಾಗಿದ್ದರು. ಒಳ್ಳೆ ವಕೀಲರಿದ್ದರು. ಸಿಮೋನಾ ಹಾಲೆಪ್ ವಿಂಬಲ್ಡನ್ ಗೆದ್ದ ಆಟಗಾರ್ತಿ, ದುಡ್ಡಿಗೆ ಕೊರತೆಯಿಲ್ಲ. ಅವರಿಗೂ ನಾಲ್ಕು ವರ್ಷದ ನಿಷೇಧವನ್ನು ಒಂಬತ್ತು ತಿಂಗಳಿಗೆ ಇಳಿಸಿಕೊಳ್ಳುವಷ್ಟರಲ್ಲಿ 2024ರ ಮಾರ್ಚ್ ಬಂದಿತ್ತು. 2022ರ ಅಕ್ಟೋಬರ್‌ನಿಂದ ಆಟ ಬಿಟ್ಟು ಕೂತಾಗಿತ್ತು. ಇನ್ನು ನಮ್ಮ ಹಾಸ್ಟೆಲಿನ ಹುಡುಗಿ ಪುಡಿ ಡಬ್ಬ ಮುಗಿದ ಕೂಡಲೇ ಅದರಲ್ಲಿ ಬಟ್ಟೆ ಸೋಪು ತುಂಬಿಟ್ಟುಕೊಳ್ಳುತ್ತಾಳೆ. ಸಾಕ್ಷಿ ಎಲ್ಲಿಂದ ತರೋದು?

ಹಾಗಾಗಿ ಅವರ ಸಾಕ್ಷಿಯನ್ನು ಉಳಿಸಿಡುವುದು ನನ್ನ ಕೆಲಸದ ಭಾಗ ಅಂತ ತೀರ್ಮಾನಿಸಿದೆ. ಟೇಬಲ್ ಮೇಲೆ ಒಂದು ರಿಜಿಸ್ಟರ್ ಇದೆ. ಯಾರಿಗೆ ಯಾವ ಜೆಲ್ ಹಚ್ಚಿದೆ, ಬ್ಯಾಚ್ ನಂಬರ್ ಏನು, ಬರೆಯುತ್ತೇನೆ. ಹೊರಗಿನ ಮುಲಾಮು ಒಳಗೆ ಬರುವ ಹಾಗಿಲ್ಲ, ನಮ್ಮ ಮಸಾಜ್ ಮಾಡುವ ಅಣ್ಣನ ಮಂಡಿನೋವಿನ ತೈಲ ಕೂಡ. (ಅವರು ಎರಡು ದಿನ ಮಾತು ಬಿಟ್ಟಿದ್ದರು.) ನನ್ನ ಕೈಗೆ ಗಾಯವಾದರೆ ಗ್ಲೌಸ್, ಮತ್ತು ನಾನು ಹಚ್ಚಿಕೊಂಡ ಔಷಧದ ಹೆಸರೂ ರಿಜಿಸ್ಟರ್‌ಗೆ. ಸಪ್ಲಿಮೆಂಟ್ ತೆಗೆದುಕೊಳ್ಳುವವರು ಡಬ್ಬ, ಬಿಲ್ಲಿನ ಫೋಟೋ ಕಳಿಸಬೇಕು. ಖಾಲಿಯಾದರೂ ತಳದಲ್ಲಿ ಒಂದು ಚಮಚ ಉಳಿಸಿ ಹೆಸರು ಬರೆದು ಕಪಾಟಿನಲ್ಲಿ ಇಡುತ್ತೇವೆ.

ಸಿರಪ್ ಬಗ್ಗೆ ಜಾಸ್ತಿ ಜಗಳ. "ಮೇಡಂ, ಬರೀ ಕೆಮ್ಮಿನ ಔಷಧಿ, ನಮ್ಮಮ್ಮ ಕೊಟ್ಟಿದ್ದು" ಅನ್ನುತ್ತಾರೆ. ಆಗ ಕ್ರಿಕೆಟಿಗ ಪೃಥ್ವಿ ಶಾ ಹೆಸರು ಹೇಳುತ್ತೇನೆ. 2019ರಲ್ಲಿ ಕೆಮ್ಮಿನ ಸಿರಪ್‌ನಲ್ಲಿದ್ದ, ಅಸ್ತಮಾಕ್ಕೂ ಕೊಡುವ ಟರ್ಬುಟಲೀನ್ ಎಂಬ ನಿಷೇಧಿತ ಔಷಧದಿಂದ ಎಂಟು ತಿಂಗಳ ನಿಷೇಧ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಎಷ್ಟೋ ಸಿರಪ್‌ಗಳಲ್ಲಿ ಅದೇ ಇದೆ. ಲೇಬಲ್ ಓದಿ, ನಾಡಾದವರ ನೋ ಯುವರ್ ಮೆಡಿಸಿನ್ ಆ್ಯಪ್‌ನಲ್ಲಿ ಹಾಕಿ ನೋಡಿ, ಆಮೇಲೆ ಬಾಟ್ಲಿ ಮುಚ್ಚಳ ತೆಗೆಯಿರಿ. ನಿಜವಾಗಿ ಅಸ್ತಮಾ ಇದ್ದರೆ ವೈದ್ಯಕೀಯ ವಿನಾಯಿತಿಗೆ ಅರ್ಜಿ ಹಾಕಬಹುದು. ಆ ಫಾರಂ ತುಂಬಿಸಲು ನಾನೇ ಕೂರುತ್ತೇನೆ.

ನಮ್ಮಂಥವರನ್ನೂ ಹಿಡಿಯಬೇಕು ಅನ್ನುವುದು ಈಗ ನಿಯಮದಲ್ಲಿದೆ. ಒಬ್ಬನೇ ಕೋಚ್ ಅಥವಾ ಫಿಸಿಯೋ ಕೈಕೆಳಗಿನ ಒಬ್ಬರಿಗಿಂತ ಹೆಚ್ಚು ಆಟಗಾರರು ಸಿಕ್ಕಿಬಿದ್ದರೆ, ಅಥವಾ ಸಿಕ್ಕಿಬಿದ್ದವರು ಎಳೆಯ ಮಕ್ಕಳಾದರೆ, ಸುತ್ತಲಿನವರ ತನಿಖೆ ಆಗಲೇಬೇಕು. ಕಾಗದದ ಮೇಲೆ ಚೆನ್ನಾಗಿದೆ. ರಷ್ಯಾದ ಫಿಗರ್ ಸ್ಕೇಟಿಂಗ್ ಆಟಗಾರ್ತಿ ಕಮಿಲಾ ವಲಿಯೆವಾ ಸಿಕ್ಕಿಬಿದ್ದಾಗ ಹದಿನೈದು ವರ್ಷ. ನಾಲ್ಕು ವರ್ಷದ ನಿಷೇಧ ಬಿದ್ದದ್ದು ಆ ಹುಡುಗಿಗೆ.

ಒಂದು ಸಮಸ್ಯೆ ಮಾತ್ರ ನನ್ನ ರಿಜಿಸ್ಟರ್‌ನಿಂದ ಬಗೆಹರಿಯುವುದಿಲ್ಲ. ಪ್ರತಿ ಬ್ಯಾಚ್ ಪರೀಕ್ಷೆ ಮಾಡಿದ ಪ್ರೋಟೀನ್ ಪುಡಿ ದುಬಾರಿ. ಪರೀಕ್ಷೆ ಇಲ್ಲದ್ದು ಅಗ್ಗ. ಮನೆಯಿಂದ ದುಡ್ಡು ಬರದವರು ಯಾವುದು ಕೊಳ್ಳುತ್ತಾರೆ ಅಂತ ಬೇರೆ ಹೇಳಬೇಕಾ? ಪುಡಿ ಬೇಡ, ಮೊಟ್ಟೆ, ಹಾಲು, ಕಾಳು ತಿನ್ನಿ ಅಂತ ಹೇಳುತ್ತೇನೆ. ಹೇಳಿದರೆ ಸಾಲದು ಅಂತ, ಬೆಳಗಿನ ತಿಂಡಿಗೆ ಇನ್ನೂ ಎರಡು ಮೊಟ್ಟೆ ಕೊಡಿ ಎಂದು ಹಾಸ್ಟೆಲಿಗೆ ಪತ್ರ ಬರೆದಿದ್ದೇನೆ. ಸದ್ಯಕ್ಕೆ ಒಂದಕ್ಕೆ ಒಪ್ಪಿದ್ದಾರೆ.