ಹುಲ್ಲು ಕತ್ತರಿಸಿದ ಮೇಲೆ ಕಸಬರಿಗೆ ಹಿಡಿಯಬೇಡಿ

ಮಳೆಗಾಲ ಶುರುವಾಯಿತೆಂದರೆ ಧಾರವಾಡದ ಬಡಾವಣೆಗಳಲ್ಲಿ ಗೇಟಿನಾಚೆ ಹಸಿ ಹುಲ್ಲು ತುಂಬಿದ ಚೀಲಗಳು ಕಾಣತೊಡಗುತ್ತವೆ. ಲಾನ್ ಕತ್ತರಿಸಿ, ಗುಡಿಸಿ, ಹೊರಗೆ ಹಾಕಿದ್ದು. ದಯವಿಟ್ಟು ಹಾಗೆ ಮಾಡಬೇಡಿ, ಕತ್ತರಿಸಿದ ತುಣುಕನ್ನು ಲಾನಿನ ಮೇಲೆಯೇ ಬಿಡಿ, ಅದು ಗೊಬ್ಬರ.

ಲೆಕ್ಕ ಹಾಕಿ ನೋಡಿ. ಹಸಿ ಹುಲ್ಲಿನಲ್ಲಿ ಸುಮಾರು ಶೇ 80 ನೀರು. 10 ಕಿಲೊ ತುಣುಕು ಒಣಗಿದರೆ 2 ಕಿಲೊ ಉಳಿಯುತ್ತದೆ, ಅದರಲ್ಲಿ ಸಾರಜನಕ ಶೇ 3ರಿಂದ 4, ಅಂದರೆ 60ರಿಂದ 80 ಗ್ರಾಂ. ಯೂರಿಯಾದಲ್ಲಿ ಸಾರಜನಕ ಶೇ 46. ಹಾಗಾಗಿ ಆ 10 ಕಿಲೊ ಹುಲ್ಲಿನಲ್ಲಿರುವುದು 130–175 ಗ್ರಾಂ ಯೂರಿಯಾದಷ್ಟು ಸಾರಜನಕ. ಪೊಟ್ಯಾಷ್, ರಂಜಕ ಬೇರೆ. ಇದು ಒಮ್ಮೆಲೇ ಸಿಗದೆ, ಕೊಳೆಯುತ್ತ ನಿಧಾನವಾಗಿ ಬೇರಿಗೆ ಇಳಿಯುತ್ತದೆ.

ತುಣುಕು ಬಿಟ್ಟರೆ ಬುಡದಲ್ಲಿ ಸ್ಪಂಜಿನಂಥ ಪದರ ಕಟ್ಟುತ್ತದೆ ಎಂದು ಹಲವರು ಹೆದರುತ್ತಾರೆ. ಆ ಪದರ ಆಗುವುದು ಗಟ್ಟಿ ಕಾಂಡ, ಬಳ್ಳಿ, ಬೇರುಗಳಿಂದ. ಎಲೆಯ ತುದಿ ಮೆತ್ತಗಿರುತ್ತದೆ, ತೇವವಿದ್ದರೆ ಕೆಲವೇ ವಾರಗಳಲ್ಲಿ ಕರಗುತ್ತದೆ.

ಆದರೆ ತುಣುಕು ಸಣ್ಣದಿರಲೇಬೇಕು. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಕರಕಿ ಲಾನನ್ನು 4 ಸೆಂ.ಮೀ. ಇಡುವುದಾದರೆ 6 ಆಗುವಷ್ಟರಲ್ಲಿ ಮಷಿನ್ ಓಡಿಸಿ. ಜುಲೈನಲ್ಲಿ ಇದು ವಾರಕ್ಕೊಮ್ಮೆ ಬರಬಹುದು, ಚಳಿಗಾಲದಲ್ಲಿ ತಿಂಗಳಾದರೂ ಆದೀತು. ಬ್ಲೇಡ್ ಹರಿತವಿರಲಿ. ಮೊಂಡಾದರೆ ಎಲೆ ಕತ್ತರಿಸುವುದಿಲ್ಲ, ಹರಿಯುತ್ತದೆ. ಎರಡು ದಿನದಲ್ಲಿ ತುದಿಯೆಲ್ಲ ಬಿಳಿಚಿ ನಾರು ನಾರಾಗಿ ನಿಲ್ಲುತ್ತದೆ.

ನಮ್ಮ ಕಡೆ ನಿಜವಾದ ತೊಡಕು ಜಿಟಿಜಿಟಿ ಮಳೆ. ಒದ್ದೆ ಹುಲ್ಲು ಮಷಿನಿನ ಅಡಿಗೆ ಮೆತ್ತಿಕೊಂಡು ಮುದ್ದೆ ಮುದ್ದೆಯಾಗಿ ಬೀಳುತ್ತದೆ. ಆ ಮುದ್ದೆಯ ಕೆಳಗೆ ಬೆಳಕು, ಗಾಳಿ ಸಿಗದೆ ಹುಲ್ಲು ಹಳದಿಯಾಗಿ ಶಿಲೀಂಧ್ರ ಹಿಡಿಯುತ್ತದೆ. ಹುಬ್ಬಳ್ಳಿ, ಗದಗ ಕಡೆಯ ಎರೆ ಮಣ್ಣಾದರಂತೂ ಚಕ್ರ ಒತ್ತಿ ನೆಲವೂ ಗಟ್ಟಿಯಾಗುತ್ತದೆ. ಬಿಸಿಲು ಬಿದ್ದು ಎಲೆ ಒಣಗುವವರೆಗೆ ಕಾಯಿರಿ. ಮುದ್ದೆ ಬಿದ್ದೇಬಿಟ್ಟರೆ ರೇಕ್‌ನಿಂದ ಹರಡಿ.

ಮಳೆ ಬಿಡದೆ ಹುಲ್ಲು ಮೊಣಕಾಲಿಗೆ ಬಂದಿದ್ದರೆ ಈ ಉಪಾಯ ನಡೆಯದು. ನಾಲ್ಕೈದು ದಿನದ ಅಂತರದಲ್ಲಿ ಹಂತ ಹಂತವಾಗಿ ಇಳಿಸಿ, ಉದ್ದ ತುಣುಕನ್ನು ಎತ್ತಿ ಮಾವು, ತೆಂಗಿನ ಪಾತಿಗೆ ತೆಳ್ಳಗೆ ಹರಡಿ, ಕಾಂಡಕ್ಕೆ ತಾಗದಂತೆ. ರೋಗ ಹಿಡಿದಿದ್ದರೆ, ಕಾಂಗ್ರೆಸ್ ಕಸ ಬೀಜ ಕಟ್ಟಿದ್ದರೆ ತುಣುಕು ಬಿಡಬೇಡಿ. ಕಳೆನಾಶಕ ಹೊಡೆದ ಹುಲ್ಲನ್ನು ಪಾತಿಗೂ ಹಾಕಬೇಡಿ, ದನಕ್ಕೂ ಹಾಕಬೇಡಿ.