ಐದನೇ ಕ್ಲಾಸಿನಲ್ಲಿ ಒಂದು 'ಎಸ್' ಚೀಟಿ

ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಪದಗಳೇ ಗೊತ್ತಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮೋಟರ್, ಸ್ಟಾರ್ಟರ್, ಫ್ಯೂಸ್, ವಾಲ್ವ್, ಚಾರ್ಜರ್, ಟವರ್... ತೋಟಕ್ಕೆ ನೀರು ಬಿಡುವ ಮನೆಯ ಹುಡುಗನಿಗೆ ಇವೆಲ್ಲ ದಿನಾ ಆಡುವ ಮಾತು. ಕಷ್ಟ ಇರುವುದು ಜೋಡಿಸುವಲ್ಲಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿನಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಆದರೂ ಐದಕ್ಕೆ ಬಂದವರು 'ಶಿ ಡ್ರಿಂಕ್ಸ್ ಮಿಲ್ಕ್' ಅನ್ನೋದನ್ನು 'ಶಿ ಡ್ರಿಂಕ್ ಮಿಲ್ಕ್' ಅಂತಲೇ ಬರೆಯುತ್ತಾರೆ. ಅವನು, ಅವಳು, ಅದು ಅನ್ನೋದಕ್ಕೆ ವ್ಯಾಕರಣದವರು ಇಟ್ಟ 'ಥರ್ಡ್ ಪರ್ಸನ್ ಸಿಂಗ್ಯುಲರ್' ಅನ್ನೋ ಹೆಸರನ್ನು ಬಾಯಿಪಾಠ ಮಾಡಿಸಿದರೆ ಆ ಹೆಸರು ಬರುತ್ತದೆ, ವಾಕ್ಯ ಬರುವುದಿಲ್ಲ.

ನಾನು ಕನ್ನಡದಿಂದ ಶುರು ಮಾಡುತ್ತೇನೆ. ಕುಡಿಯುತ್ತೇನೆ, ಕುಡಿಯುತ್ತೀಯ, ಕುಡಿಯುತ್ತಾನೆ, ಕುಡಿಯುತ್ತಾಳೆ, ಕುಡಿಯುತ್ತದೆ, ಕುಡಿಯುತ್ತಾರೆ. ಬೋರ್ಡ್ ತುಂಬ ಬರೆದು, "ಎಷ್ಟು ಬಾಲ ಇದೆ ನೋಡ್ರೋ, ಇದನ್ನೆಲ್ಲ ಯಾರು ಕಲಿಸಿದ್ರು ನಿಮಗೆ?" ಅಂತೀನಿ. ಇಂಗ್ಲಿಷಿನವರ ಹತ್ತಿರ ಇಲ್ಲಿಗೆ ಇರುವುದು ಒಂದೇ ಬಾಲ, ಎಸ್. ಅದೂ ಅವನು, ಅವಳು, ಅದು, ಇಷ್ಟಕ್ಕೆ ಮಾತ್ರ. ಮಕ್ಕಳ ಮುಖದಲ್ಲಿ 'ಅಷ್ಟೇನಾ?' ಅನ್ನೋ ಭಾವ.

ಆಮೇಲೆ ಚೀಟಿ ಆಟ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ದೊಡ್ಡದಾಗಿ ಒಂದೊಂದು ಪದ. 'ಶಿ' ಹಿಡಿದವಳು ಮುಂದೆ, ಪಕ್ಕದಲ್ಲಿ 'ಡ್ರಿಂಕ್', ಅವನ ಕೈ ಹಿಡಿದುಕೊಂಡು ಎಸ್, ಕೊನೆಗೆ 'ಮಿಲ್ಕ್'. ಎಸ್ ಆಗುವವನು ಕ್ಲಾಸಿಗೇ ಚಿಕ್ಕವನಾದರೆ ಒಳ್ಳೆಯದು, ಓಡಬೇಕಲ್ಲ! ಈಗ ಪ್ರಶ್ನೆ ಕೇಳಬೇಕು. 'ಡು' ಬಂದು ಎಲ್ಲರಿಗಿಂತ ಮುಂದೆ ನಿಲ್ಲುತ್ತದೆ. ಎಸ್ ತಕ್ಷಣ 'ಡ್ರಿಂಕ್' ಕೈ ಬಿಟ್ಟು ಡು ಹತ್ತಿರ ಓಡಬೇಕು. ಡಸ್ ಶಿ ಡ್ರಿಂಕ್ ಮಿಲ್ಕ್? ಯಾರಾದರೂ 'ಡಸ್ ಶಿ ಡ್ರಿಂಕ್ಸ್' ಅಂದರೆ ಇಡೀ ಕ್ಲಾಸು ಕೂಗುತ್ತದೆ: "ಚೀಟಿ ಇರೋದು ಒಂದೇ!"

ಗಲಾಟೆ ಆಗುತ್ತದೆ, ನಿಜ. ಪಕ್ಕದ ರೂಮಿನವರು ಬಂದು ಇಣುಕಿ ನೋಡುತ್ತಾರೆ. ಇರಲಿ. ಈಗ ನೋಟ್‌ಬುಕ್ ತಿದ್ದುವಾಗ ನಾನು ನಿಯಮ ಬರೆಯುವುದೇ ಇಲ್ಲ. 'ಚೀಟಿ ಎಲ್ಲಿ?' ಅಂತ ಬರೆದರೆ ಸಾಕು, ಅವರೇ ಹುಡುಕಿ ಸರಿ ಮಾಡಿಕೊಂಡು ಬರುತ್ತಾರೆ.

'ಡಿಡ್ ಯು ವೆಂಟ್' ಅನ್ನೋದಕ್ಕೂ ಇದೇ ಮದ್ದು. ನಿನ್ನೆಯದು ಅಂತ ಹೇಳುವ ಕೆಲಸವನ್ನು ಡಿಡ್ ವಹಿಸಿಕೊಂಡ ಮೇಲೆ 'ವೆಂಟ್' ತನ್ನ ಹಳೆ ರೂಪಕ್ಕೆ, 'ಗೋ'ಗೆ, ವಾಪಸ್ ಹೋಗುತ್ತದೆ. ದೊಡ್ಡವರೂ ಎಡವುವ ಜಾಗ ಇದು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿ, ಗೊತ್ತಾಗುತ್ತದೆ.

ಹೋದ ವಾರ ಕಿಟಕಿ ಪಕ್ಕ ಕೂರುವ ಹುಡುಗಿ ಎದ್ದು ನಿಂತಳು. "ಮಿಸ್, ಹ್ಯಾವ್‌ಗೆ ಎಸ್ ಕೊಟ್ರೆ ಹ್ಯಾವ್ಸ್ ಆಗ್ಬೇಕಲ್ವಾ? ಹ್ಯಾಸ್ ಯಾಕೆ?"

ಒಳ್ಳೆ ಪ್ರಶ್ನೆ. ನೂರಾರು ವರ್ಷ ಜನ ಆಡಿ ಆಡಿ ನಡುವಿನ 'ವ್' ಸವೆದು ಹೋಗಿದೆ, ಅದಕ್ಕೇ ಹ್ಯಾಸ್. ನಾವೂ ಪುಸ್ತಕದಲ್ಲಿ 'ಕುಡಿಯುತ್ತಾಳೆ' ಅಂತ ಓದಿ ಮನೆಯಲ್ಲಿ 'ಕುಡೀತಾಳೆ' ಅಂತೀವಲ್ಲ, ಹಾಗೆ ಅಂದೆ. ಅವಳು ಕೂರಲಿಲ್ಲ. ಒಂದು ಕ್ಷಣ ಯೋಚಿಸಿ, "ಹಂಗಾದ್ರೆ ಡಸ್ ಬಂದ್ರೆ ಚೀಟಿ ಅದರ ಹತ್ರ ಹೋಗುತ್ತೆ, 'ವ್' ವಾಪಸ್ ಬರುತ್ತೆ. ಡಸ್ ಶಿ ಹ್ಯಾವ್. ಸರೀನಾ ಮಿಸ್?" ಅಂದಳು.

ಸರಿ. ಅದನ್ನು ನಾನಿನ್ನೂ ಹೇಳಿಕೊಟ್ಟೇ ಇರಲಿಲ್ಲ. ಮುಂದಿನ ಪಾಠ 'ಕ್ಯಾನ್'. ಅದು ಬಂದರೆ ಎಸ್ ಯಾರ ಕೈಯನ್ನೂ ಹಿಡಿಯುವ ಹಾಗಿಲ್ಲ, ಹೊರಗೆ ನಿಲ್ಲಬೇಕು. ಚಿಕ್ಕವನು ಒಪ್ಪುತ್ತಾನೋ ಇಲ್ಲವೋ!